ಆಕಾಶಯಾನದ ಪಾಸ್‌ಬುಕ್ಕು

ಈ ಪುಟಗಳಲ್ಲಿ ವಿಮಾನದ ಮಾತೇಕೆ ಎಂದು ಓದುಗ ಮಿತ್ರರು ಹುಬ್ಬೇರಿಸಬಹುದು. ಬೆಟ್ಟದ ಸೊಪ್ಪು, ಹೊಳೆಯ ಹರಿವು, ಅಡಿಕೆ ತೋಟದ ಎಲೆಚುಕ್ಕಿ ರೋಗ ಇವುಗಳ ನಡುವೆ 'ಫ್ರೀಕ್ವೆಂಟ್ ಫ್ಲೈಯರ್' ಕಾರ್ಡಿನ ಚರ್ಚೆ ಪಟ್ಟಣಿಗರ ಪತ್ರಿಕೆಯಿಂದ ದಾರಿತಪ್ಪಿ ಬಂದಂತೆ ತೋರುವುದು ಸಹಜವೇ. ಆದರೆ ಘಟ್ಟದ ಮೇಲಿನ ನಮ್ಮ ಊರುಗಳನ್ನು ಒಮ್ಮೆ ಕಣ್ತೆರೆದು ನೋಡೋಣ. ನಮ್ಮ ಕೇರಿಯ ಹನ್ನೊಂದು ಮನೆಗಳಲ್ಲಿ ನಾಲ್ಕು ಮನೆಗಳ ಮಕ್ಕಳು ಸಮುದ್ರದಾಚೆ ಇದ್ದಾರೆ. ಮಗಳ ಬಾಣಂತನಕ್ಕೆಂದು ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಬಿಗಿದು, ಲೇಹ್ಯದ ಡಬ್ಬಿಯನ್ನು ಸೀರೆಗಳ ನಡುವೆ ಅಡಗಿಸಿಕೊಂಡು ಹೊರಡುವ ತಾಯಂದಿರು ಈಗ ಊರೂರಿನಲ್ಲಿಯೂ ಇದ್ದಾರೆ. ಪೇಟೆಗೆ ದಿನಕ್ಕೆ ಎರಡೇ ಬಸ್ಸು ಇರುವ ಹಳ್ಳಿಯಿಂದ ಹೊರಟು, ಬೆಂಗಳೂರಿನಿಂದಾಚೆಗೇ ಸುಮಾರು 14,000 ಕಿಲೋಮೀಟರು ದೂರವಿರುವ ಸ್ಯಾನ್ ಫ್ರಾನ್ಸಿಸ್ಕೋಗೆ ಮತ್ತೆ ಮತ್ತೆ ಹೋಗಿಬರುವವರನ್ನು ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬ.

ಕಳೆದ ಮಳೆಗಾಲದಲ್ಲಿ ತಿಂಗಳ ಸಭೆ ಮುಗಿದು ಕಷಾಯ ಕುಡಿಯುವ ಹೊತ್ತಿಗೆ ನೆರೆಮನೆಯ ಅತ್ತಿಗೆ ಕೇಳಿದರು: "ಭಾವಾ, ಇನ್ನು ವರ್ಷ ವರ್ಷವೂ ಹೋಗಿಬರುವುದೇ ಆಯಿತು. ಯಾವ ವಿಮಾನದ ಕಾರ್ಡು ಮಾಡಿಸಿದರೆ ಒಳ್ಳೆಯದು?" ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟಿದ್ದ ವಿದ್ಯಾರ್ಥಿಯೊಬ್ಬನದೂ ಅದೇ ಪ್ರಶ್ನೆ. ಪಕ್ಕದಲ್ಲಿ ನಿಂತಿದ್ದ ನಮ್ಮ ಯುವ ಕಾರ್ಯಕರ್ತೆಯೊಬ್ಬಳು, ಪರಿಸರ ಸಂಘಟನೆಯ ಸಭೆಯಲ್ಲಿ ಇಂತಹ ಪ್ರಶ್ನೆ ಏಳುವುದೇ ನಾಚಿಕೆಗೇಡೆಂದು ಸಿಡಿದಳು. ಆಕೆಯ ಸಿಟ್ಟೂ ನ್ಯಾಯವಾದದ್ದು, ಅತ್ತಿಗೆಯ ಪ್ರಶ್ನೆಯೂ ನ್ಯಾಯವಾದದ್ದು ಎಂಬುದು ನನ್ನ ಅಭಿಪ್ರಾಯ. ಅಂದು ಇಬ್ಬರಿಗೂ ಸರಿಯಾದ ಉತ್ತರ ಕೊಡಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಯೋಜನೆಯ ಹುಟ್ಟನ್ನು ತಿಳಿಯೋಣ. ಅಮೆರಿಕವು 1978ರಲ್ಲಿ ವಿಮಾನಯಾನದ ದರ ಮತ್ತು ಮಾರ್ಗಗಳ ಮೇಲಿನ ಸರಕಾರಿ ಹಿಡಿತವನ್ನು ಸಡಿಲಿಸಿತು. ಕಂಪನಿಗಳ ನಡುವೆ ದರಸಮರ ಆರಂಭವಾಯಿತು. ಗಿರಾಕಿಯನ್ನು ಕಟ್ಟಿಹಾಕುವ ಹಗ್ಗವನ್ನು ಹುಡುಕುತ್ತಿದ್ದ ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ಹಾರಿದ ಮೈಲಿಗಳನ್ನು ಲೆಕ್ಕವಿಟ್ಟು ಬಹುಮಾನ ಕೊಡುವ ಯೋಜನೆಯನ್ನು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಹಿಂಬಾಲಿಸಿತು. ಹೇಗೂ ಖಾಲಿ ಹೋಗುವ ಆಸನವನ್ನು ಹಳೆಯ ಗಿರಾಕಿಗೆ ಕೊಟ್ಟರೆ ಕಂಪನಿಗೆ ನಷ್ಟವೇನು ಎಂಬ ಸರಳ ವ್ಯಾಪಾರಬುದ್ಧಿ ಅದರ ಹಿಂದಿತ್ತು.

ಆ ಸರಳತೆ ಬಹುಕಾಲ ಉಳಿಯಲಿಲ್ಲ. ಕಂಪನಿಗಳು ಮೈಲಿಗಳನ್ನು ಬ್ಯಾಂಕುಗಳಿಗೆ ಸಗಟಾಗಿ ಮಾರತೊಡಗಿದವು; ಬ್ಯಾಂಕುಗಳು ಅವನ್ನು ಕ್ರೆಡಿಟ್ ಕಾರ್ಡಿನ ಗಿರಾಕಿಗಳಿಗೆ ಹಂಚತೊಡಗಿದವು. ಮಹಾಮಾರಿಯ ಕಾಲದಲ್ಲಿ, 2020ರ ಜೂನ್‌ನಲ್ಲಿ, ಹಾರಾಟ ಬಹುಪಾಲು ನಿಂತುಹೋಗಿದ್ದಾಗ ಯುನೈಟೆಡ್ ಕಂಪನಿಯು ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟು ನೂರಾರು ಕೋಟಿ ಡಾಲರ್ ಸಾಲ ಎತ್ತಿತು. ಆ ಯೋಜನೆಯ ಬೆಲೆ ಸುಮಾರು 2,200 ಕೋಟಿ ಡಾಲರ್ ಎಂದು ಅಂದಾಜಿಸಲಾಗಿತ್ತು. ಷೇರುಪೇಟೆಯಲ್ಲಿ ಅಂದು ಇಡೀ ಕಂಪನಿಯ ಬೆಲೆ ಅದಕ್ಕಿಂತ ಕಡಿಮೆಯಿತ್ತು! ತೋಟಕ್ಕಿಂತ ತೋಟದ ಬೇಲಿಗೆ ಹೆಚ್ಚು ಬೆಲೆ ಬಂದ ಕತೆಯಿದು.

ಆದ್ದರಿಂದ ಅತ್ತಿಗೆಯವರೂ ವಿದ್ಯಾರ್ಥಿ ಮಿತ್ರರೂ ಮೊದಲು ತಿಳಿಯಬೇಕಾದದ್ದು, ಮೈಲಿ ಎಂಬುದು ಒಂದು ನಾಣ್ಯ. ಅದನ್ನು ಅಚ್ಚುಹಾಕುವವನೂ ಅದರ ಬೆಲೆ ಇಳಿಸುವವನೂ ಒಬ್ಬನೇ. ಒಂದು ಉದಾಹರಣೆ ನೋಡಿ. 2015ರವರೆಗೆ ಯುನೈಟೆಡ್‌ನ ಸಾಮಾನ್ಯ ಸದಸ್ಯನಿಗೆ ಹಾರಿದ ದೂರಕ್ಕೆ ಅನುಗುಣವಾಗಿ ಮೈಲಿ ದೊರೆಯುತ್ತಿತ್ತು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಂದರೆ ಸುಮಾರು 17,000 ಮೈಲಿಗಳ ದೂರವಾಗುತ್ತದೆ. ಆ ವರ್ಷ ನಿಯಮ ಬದಲಾಗಿ, ತೆತ್ತ ಹಣದ ಪ್ರತಿ ಡಾಲರಿಗೆ ಐದು ಮೈಲಿ ಎಂದಾಯಿತು. ಸಾವಿರ ಡಾಲರಿನ ಟಿಕೇಟಿಗೆ 5,000 ಮಾತ್ರ. ಡೆಲ್ಟಾ ಅದೇ ವರ್ಷ, ಅಮೆರಿಕನ್ 2016ರಲ್ಲಿ, ನಮ್ಮ ಏರ್ ಇಂಡಿಯಾ 2024ರಲ್ಲಿ ಇದೇ ಹಾದಿ ಹಿಡಿದವು. ಆರು ತಿಂಗಳು ಮೊದಲೇ ಅಗ್ಗದ ಟಿಕೇಟು ಹುಡುಕುವ ನಮ್ಮಂಥವರಿಗೆ ಚಿಲ್ಲರೆ. ಕಂಪನಿಯ ಖರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಹೋಗುವವರಿಗೆ ಹೊನ್ನು.

ಇನ್ನು ಕಂಪನಿಯೇ ಮುಳುಗಿದರೆ? ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಸದಸ್ಯರ ಬಳಿ ಉಳಿದದ್ದು ಕೆಂಪು ಬಣ್ಣದ ನೆನಪು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಅದರ ಮೈಲಿ ಯೋಜನೆ ಬೇರೆಯೇ ಕಂಪನಿಯಾಗಿದ್ದುದರಿಂದ ಹೆಸರು ಬದಲಿಸಿಕೊಂಡು ಮುಂದುವರಿಯಿತು, ಆದರೆ ಹತ್ತಲು ಆ ವಿಮಾನವಿರಲಿಲ್ಲ.

ನನ್ನದೇ ಕತೆಯನ್ನೂ ಹೇಳಿಬಿಡುತ್ತೇನೆ. ನಾನೂ ನನ್ನ ಪತ್ನಿಯೂ 2016, 2018 ಮತ್ತು 2022ರಲ್ಲಿ ಮಗನ ಮನೆಗೆ ಹೋಗಿಬಂದೆವು. ಮೂರೂ ಸಲ ಮಗ ಅಗ್ಗವೆಂದು ಕಂಡ ಬೇರೆ ಬೇರೆ ಕಂಪನಿಯ ಟಿಕೇಟು ಕಳಿಸಿದ. ಮೊದಲ ಪ್ರಯಾಣದ ಮೈಲಿಗಳು ಮೂರು ವರ್ಷದ ಅವಧಿ ಮುಗಿದು ಸದ್ದಿಲ್ಲದೆ ಕರಗಿದವು. ಎರಡನೆಯದರ ಮೈಲಿಗಳು ಖಾತೆಗೆ ಸೇರಲೇ ಇಲ್ಲ. ಕಾರಣ ನಮ್ಮ ಹೆಸರು! ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಅನಂತರ ನಮ್ಮ ಹೆಸರು ಎಂಬುದು ನಮ್ಮ ಕಡೆಯ ಪದ್ಧತಿ. ನನ್ನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ 'ಮೊದಲ ಹೆಸರು ತಿಳಿಯದು' ಎಂಬರ್ಥದ ಮೂರು ಅಕ್ಷರಗಳು. ಟಿಕೇಟಿನಲ್ಲಿ ಒಂದೇ ಹೆಸರು ಎರಡು ಬಾರಿ. ಕಾರ್ಡಿನ ಅರ್ಜಿಯಲ್ಲಿ ನಾನು ಬರೆದದ್ದು ಪಹಣಿಯಲ್ಲಿರುವ ಹೆಸರು. ಈ ನಾಲ್ವರೂ ಒಬ್ಬನೇ ಎಂದು ಕಂಪನಿಯನ್ನು ನಂಬಿಸಲು ನನ್ನಿಂದಾಗಲಿಲ್ಲ. ಬೋರ್ಡಿಂಗ್ ಪಾಸನ್ನು ಅಷ್ಟರಲ್ಲಿ ಒಲೆಗೆ ಹಾಕಿಯಾಗಿತ್ತು.

ಆದ್ದರಿಂದ ಅನುಭವದ ಮಾತು: ಸದಸ್ಯತ್ವಕ್ಕೆ ಸಾಮಾನ್ಯವಾಗಿ ಹಣ ಕೊಡಬೇಕಾಗಿಲ್ಲ. ಟಿಕೇಟು ಕೊಳ್ಳುವ ಮೊದಲೇ, ಟಿಕೇಟಿನಲ್ಲಿ ಹೇಗೆ ಹೆಸರು ಬರುವುದೋ ಹಾಗೆಯೇ ನೋಂದಾಯಿಸಿಕೊಳ್ಳಿ. ಮೈಲಿಗಳು ಖಾತೆಗೆ ಏರುವವರೆಗೆ ಬೋರ್ಡಿಂಗ್ ಪಾಸನ್ನು ಜೋಪಾನವಾಗಿಡಿ.

ಯಾವುದನ್ನು ಆರಿಸಬೇಕು? ಕಂಪನಿಗಳು ಮೂರು ದೊಡ್ಡ ಕೂಟಗಳಾಗಿ ಹಂಚಿಹೋಗಿವೆ. 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್‌ನಲ್ಲಿ ಲುಫ್ತಾನ್ಸಾ, ಯುನೈಟೆಡ್, ಸಿಂಗಪುರ್ ಏರ್‌ಲೈನ್ಸ್ ಇವೆ; ಏರ್ ಇಂಡಿಯಾ 2014ರಲ್ಲಿ ಸೇರಿತು. 1999ರ ಒನ್‌ವರ್ಲ್ಡ್‌ನಲ್ಲಿ ಬ್ರಿಟಿಷ್ ಏರ್‌ವೇಸ್, ಕತಾರ್, ಅಮೆರಿಕನ್. 2000ದ ಸ್ಕೈಟೀಮ್‌ನಲ್ಲಿ ಏರ್ ಫ್ರಾನ್ಸ್, ಕೆಎಲ್ಎಂ, ಡೆಲ್ಟಾ. ಎಮಿರೇಟ್ಸ್ ಯಾವ ಕೂಟಕ್ಕೂ ಸೇರಿಲ್ಲ. ಒಂದು ಕೂಟದ ಯಾವ ವಿಮಾನದಲ್ಲಿ ಹಾರಿದರೂ ಅದೇ ಕೂಟದ ಇನ್ನೊಂದು ಕಂಪನಿಯ ಖಾತೆಗೆ ಮೈಲಿಗಳನ್ನು ಜಮಾ ಮಾಡಿಸಬಹುದು ಎಂಬುದು ಹಲವರಿಗೆ ತಿಳಿದಿಲ್ಲ. ಜರ್ಮನಿಗೆ ಹೋಗುವ ವಿದ್ಯಾರ್ಥಿ ಈ ಸಲ ಲುಫ್ತಾನ್ಸಾ, ಮುಂದಿನ ಸಲ ಏರ್ ಇಂಡಿಯಾ ಹಿಡಿದರೂ ಖಾತೆ ಒಂದೇ ಸಾಕು. ಆದರೆ ಅತಿ ಅಗ್ಗದ ಟಿಕೇಟುಗಳಿಗೆ ಪಾಲುದಾರ ಕಂಪನಿಗಳು ಕಾಲು ಭಾಗವನ್ನೋ ಸೊನ್ನೆಯನ್ನೋ ಕೊಡುವುದುಂಟು. ಟಿಕೇಟಿನ ಮೇಲಿರುವ ದರ್ಜೆಯ ಒಂಟಿ ಅಕ್ಷರವನ್ನು ಮೊದಲೇ ವಿಚಾರಿಸಬೇಕು. ವಿದ್ಯಾರ್ಥಿಗಳಿಗಂತೂ ಮೈಲಿಗಿಂತ, ಕೆಲವು ಕಂಪನಿಗಳು ಕೊಡುವ ಹೆಚ್ಚುವರಿ ಸಾಮಾನಿನ ರಿಯಾಯಿತಿಯೇ ದೊಡ್ಡ ಲಾಭ.

ನಮ್ಮಂಥ ವಯಸ್ಸಾದವರಿಗೆ ಮುಖ್ಯವಾದದ್ದು ಅವಧಿ. ಎಮಿರೇಟ್ಸ್, ಸಿಂಗಪುರ್ ಏರ್‌ಲೈನ್ಸ್‌ನಂಥವುಗಳಲ್ಲಿ ಮೈಲಿಗಳ ಆಯುಸ್ಸು ಸಾಮಾನ್ಯವಾಗಿ ಮೂರು ವರ್ಷ. ಡೆಲ್ಟಾದಲ್ಲಿ ಮತ್ತು 2019ರಿಂದ ಯುನೈಟೆಡ್‌ನಲ್ಲಿ ಅವುಗಳಿಗೆ ಅವಧಿಯ ಮಿತಿಯಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹೋಗುವವರಿಗೆ ಈ ಒಂದು ನಿಯಮವೇ ಉಳಿದೆಲ್ಲ ಆಕರ್ಷಣೆಗಳಿಗಿಂತ ದೊಡ್ಡದು. ಎರಡನೆಯದು, ಮನೆಮಂದಿಯ ಮೈಲಿಗಳನ್ನು ಒಂದೇ ಬುಟ್ಟಿಗೆ ಸುರಿಯುವ ಸೌಲಭ್ಯ. ಎಮಿರೇಟ್ಸ್‌ನಲ್ಲಿ ಕುಟುಂಬದ ಎಂಟು ಜನರವರೆಗೆ ಇದು ಸಾಧ್ಯ. ಬ್ರಿಟಿಷ್ ಏರ್‌ವೇಸ್‌ನಲ್ಲಿಯೂ ಒಂದೇ ಮನೆಯ ಖಾತೆ ತೆರೆಯಬಹುದು. ಅಪ್ಪ, ಅಮ್ಮ, ಮಗ, ಸೊಸೆ ನಾಲ್ವರ ಚಿಲ್ಲರೆ ಸೇರಿದರೆ ಒಂದು ಟಿಕೇಟಾದೀತು. 'ಪುಕ್ಕಟೆ' ಟಿಕೇಟಿಗೂ ತೆರಿಗೆ, ಮೇಲುಶುಲ್ಕಗಳನ್ನು ಕೈಯಿಂದ ಕಟ್ಟಬೇಕೆಂಬುದನ್ನು ಮರೆಯದಿರಿ. ಮೈಲಿಗಾಗಿಯೇ ಕ್ರೆಡಿಟ್ ಕಾರ್ಡು ಮಾಡಿಸಿ ಬಡ್ಡಿ ತೆರುವುದು ಮೂರ್ಖತನ.

ಆ ಟಿಕೇಟನ್ನು ಯಾವುದಕ್ಕೆ ಬಳಸಬೇಕು ಎಂಬಲ್ಲಿ ನನ್ನ ಅಭಿಪ್ರಾಯ ಖಚಿತ. ಪ್ರವಾಸಕ್ಕಲ್ಲ. ಮುದಿ ತಂದೆತಾಯಿಯರು ಮಾತ್ರ ಉಳಿದ ಮನೆಗಳು ನಮ್ಮವು. ಮಳೆಗಾಲದ ಒಂದು ರಾತ್ರಿ ಫೋನು ಹೋಗುತ್ತದೆ. ಮರುದಿನವೇ ಹೊರಡಬೇಕಾದ ಮಗ ಆ ಕ್ಷಣದ ಟಿಕೇಟಿನ ಬೆಲೆ ನೋಡಿ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾನೆ. ಅಂಥ ಹೊತ್ತಿನಲ್ಲಿ ಮೈಲಿಯ ಆಸನ ಸಿಕ್ಕೇ ಸಿಗುವುದೆಂಬ ಖಾತ್ರಿಯಿಲ್ಲ. ಸಿಕ್ಕಿದರೆ ಮಾತ್ರ, ಅದರ ಮೈಲಿ ಬೆಲೆ ಹಲವು ಯೋಜನೆಗಳಲ್ಲಿ ಕಡೆಯ ಗಳಿಗೆಯ ಹಣದ ದರದಷ್ಟು ಕ್ರೂರವಾಗಿರುವುದಿಲ್ಲ. ಇಂತಹ ಒಂದು ಪ್ರಯಾಣಕ್ಕೆಂದು ಕೂಡಿಟ್ಟರೆ ಈ ಕಾರ್ಡಿಗೆ ಅರ್ಥವಿದೆ.

ಈಗ ಸಿಟ್ಟಾದ ಹುಡುಗಿಯ ಕಡೆಗೆ ಬರುತ್ತೇನೆ. ಒಂದು ಕಿಲೋ ವಿಮಾನದ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ದೂರದ ಹಾರಾಟದಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕನ ಪಾಲಿಗೆ ಕಿಲೋಮೀಟರಿಗೆ 80ರಿಂದ 100 ಗ್ರಾಂ ಎಂದಿಟ್ಟುಕೊಂಡರೆ, ಕ್ಯಾಲಿಫೋರ್ನಿಯಾಕ್ಕೆ ಹೋಗಿಬರುವ ಒಬ್ಬರ ಲೆಕ್ಕ ಸುಮಾರು ಎರಡೂವರೆ ಟನ್ನು. ಭಾರತೀಯನೊಬ್ಬ ಸರಾಸರಿ ಇಡೀ ವರ್ಷದಲ್ಲಿ ಹೊರಸೂಸುವುದು ಸುಮಾರು ಎರಡು ಟನ್ನು. ಇಂಧನದ ಭಾಷೆಯಲ್ಲಿ ಹೇಳುವುದಾದರೆ, ನನ್ನೊಬ್ಬನ ಪಾಲಿಗೆ ಸಾವಿರ ಲೀಟರಿನ ಆಸುಪಾಸು ಉರಿಯಿತು. ಪೇಟೆಗೆ ದಿನಕ್ಕೆ ಇಪ್ಪತ್ತು ಕಿಲೋಮೀಟರು ಸ್ಕೂಟರಿನಲ್ಲಿ ಓಡಾಡಿದರೆ ಅಷ್ಟು ಲೀಟರು ಮುಗಿಯಲು ಐದು ವರ್ಷವಾದರೂ ಬೇಕು. ವಿಶಾಲವಾದ ಬಿಸಿನೆಸ್ ದರ್ಜೆಯಲ್ಲಿ ಕುಳಿತವರ ಪಾಲು ಇದರ ಸುಮಾರು ಮೂರರಷ್ಟು.

ಹಾರುವವರಾದರೂ ಎಷ್ಟು ಜನ? ಗೋಸ್ಲಿಂಗ್ ಮತ್ತು ಹುಂಪೆ ಎಂಬ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2018ರಲ್ಲಿ ಜಗತ್ತಿನ ಸುಮಾರು 11 ಶೇಕಡಾ ಜನ ಮಾತ್ರ ವಿಮಾನ ಹತ್ತಿದ್ದರು. ಪ್ರಯಾಣಿಕ ವಿಮಾನಗಳ ಹೊಗೆಯ ಅರ್ಧದಷ್ಟಕ್ಕೆ ಶೇಕಡಾ ಒಂದರಷ್ಟು ಜನ ಕಾರಣರು. ಮೈಲಿ ಯೋಜನೆಯ ಬೆಳ್ಳಿ, ಚಿನ್ನದ ದರ್ಜೆಗಳು ಪುರಸ್ಕರಿಸುವುದು ಇವರನ್ನೇ. ವರ್ಷಾಂತ್ಯದಲ್ಲಿ ದರ್ಜೆ ಜಾರದಿರಲೆಂದು ಕೆಲಸವಿಲ್ಲದಿದ್ದರೂ ಹಾರಿಬರುವವರಿದ್ದಾರೆ; ಅದಕ್ಕೆ 'ಮೈಲೇಜ್ ರನ್' ಎಂಬ ಹೆಸರೂ ಇದೆ. ಹೆಚ್ಚು ನೀರೆತ್ತಿದವನಿಗೆ ಗ್ರಾಮಸಭೆ ಶಾಲು ಹೊದಿಸಿದಂತೆ! ಕೆಲವು ಕಂಪನಿಗಳು ಮೈಲಿಗಳನ್ನೇ ತೆತ್ತು ಇಂಗಾಲದ ಪ್ರಾಯಶ್ಚಿತ್ತ ಮಾಡಿಕೊಳ್ಳಿ, ನಿಮ್ಮ ಹೆಸರಿನಲ್ಲಿ ಗಿಡ ನೆಡುತ್ತೇವೆ ಎನ್ನುತ್ತವೆ. ಅರಣ್ಯೀಕರಣದ ಹೆಸರಿನಲ್ಲಿ ನಮ್ಮ ಬೆಟ್ಟಗಳಿಗೆ ಬಂದ ಅಕೇಶಿಯಾವನ್ನು ಕಂಡ ನಮಗೆ ಅದರ ವಿವರಣೆ ಬೇಕಿಲ್ಲ.

ಇದನ್ನು ತಡೆಯಲಾಗದೆಂದಲ್ಲ. ನಾರ್ವೆ ದೇಶವು 2002ರಿಂದ 2013ರವರೆಗೆ ತನ್ನ ಒಳನಾಡಿನ ಹಾರಾಟಗಳಲ್ಲಿ ಮೈಲಿ ಗಳಿಕೆಯನ್ನೇ ನಿಷೇಧಿಸಿತ್ತು. ಅದರ ಕಾರಣ ಪರಿಸರವಲ್ಲ, ಸಣ್ಣ ಕಂಪನಿಗಳಿಗೆ ನ್ಯಾಯವಾದ ಸ್ಪರ್ಧೆ. ಆದರೂ ವಿಮಾನಗಳು ಹಾರುತ್ತಲೇ ಇದ್ದವು. ಬ್ರಿಟನ್ನಿನ ಹವಾಗುಣ ಬದಲಾವಣೆ ಸಮಿತಿಗಾಗಿ 2019ರಲ್ಲಿ ಇಂಪೀರಿಯಲ್ ಕಾಲೇಜಿನ ರಿಚರ್ಡ್ ಕಾರ್ಮೈಕೇಲ್ ಬರೆದ ವರದಿ, ಇಂತಹ ಯೋಜನೆಗಳನ್ನು ನಿಷೇಧಿಸಿ, ಹೆಚ್ಚು ಹಾರಿದವರಿಗೆ ಏರುತ್ತಾ ಹೋಗುವ ತೆರಿಗೆ ಹಾಕಬೇಕೆಂದು ಶಿಫಾರಸು ಮಾಡಿತು. ನಾನು ಆ ಶಿಫಾರಸಿನ ಪರ. ಮೊಮ್ಮಗುವನ್ನು ಎತ್ತಿಕೊಳ್ಳಲು ಎರಡು ವರ್ಷಕ್ಕೊಮ್ಮೆ ಹೋಗುವ ಅಜ್ಜಿಗೆ ಅದರಿಂದ ಹೊರೆಯಾಗದು. ತಿಂಗಳಿಗೆ ಮೂರು ಸಲ ಹಾರುವವನಿಗೆ ಆಗಬೇಕು. ಆ ಕಾನೂನು ಬರುವವರೆಗೆ ಅಜ್ಜಿ ತನ್ನ ಪಾಲಿನ ಚಿಲ್ಲರೆಯನ್ನು ಬಿಟ್ಟುಕೊಟ್ಟರೆ ಅದು ಕಂಪನಿಯ ಲಾಭಕ್ಕೆ ಸೇರುವುದೇ ಹೊರತು ಆಕಾಶಕ್ಕಲ್ಲ. ಪ್ರಯಾಣವನ್ನೇ ಕಡಿಮೆ ಮಾಡಿದರೆ ಮಾತ್ರ ಹೊಗೆ ಕಡಿಮೆಯಾದೀತು.

ನಮ್ಮ ಮನೆಯಲ್ಲಿ ಮಗನೊಡನೆ ಮಾತಾಡಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ವರ್ಷಕ್ಕೊಮ್ಮೆ ಎರಡು ತಿಂಗಳು ಹೋಗುವ ಬದಲು ಮೂರು ವರ್ಷಕ್ಕೊಮ್ಮೆ, ಗದ್ದೆ ಕೊಯ್ಲೂ ಅಡಿಕೆ ಕೊಯ್ಲೂ ಮುಗಿದ ಮೇಲೆ ಹೋಗಿ, ವೀಸಾ ಒಪ್ಪುವಷ್ಟು ದಿನ ಇದ್ದು ಬರುವುದು. ಅವನೂ ಹಾಗೆಯೇ, ಬಂದರೆ ತಿಂಗಳುಗಟ್ಟಲೆ ಇಲ್ಲಿಂದಲೇ ಕೆಲಸ ಮಾಡುವುದು. ಮೂವರ ಮೈಲಿಗಳೂ ಅವಧಿಯ ಮಿತಿಯಿಲ್ಲದ ಒಂದು ಯೋಜನೆಯಲ್ಲಿವೆ. ಅದರ ಗುಪ್ತಪದವನ್ನು ನನ್ನ ಪತ್ನಿ ಪಂಚಾಂಗದ ಹಿಂಬದಿಯ ಹಾಳೆಯಲ್ಲಿ, ಡಾಕ್ಟರರ ಫೋನ್ ನಂಬರಿನ ಕೆಳಗೆ ಬರೆದಿಟ್ಟಿದ್ದಾಳೆ. ಅತ್ತಿಗೆಗೂ ಹಾಗೆಯೇ ಮಾಡಲು ಹೇಳಿದ್ದೇನೆ.