ಹೃದಯದ ಭಯ, ರಕ್ತದ ಪಟ್ಟಿ

2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹಬ್ಬಿದ್ದೇ ತಡ, ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ಉದ್ದುದ್ದ ಕ್ಯೂ. ಸಾವು ವಿಪರೀತ ಏರಿಲ್ಲ, ಸತ್ತವರಲ್ಲಿ ಹೆಚ್ಚಿನವರಿಗೆ ಬೀಪಿ, ಸಕ್ಕರೆ, ಸಿಗರೇಟಿನಂಥ ಕಾರಣ ಇದ್ದೇ ಇತ್ತು ಅಂತ ತಜ್ಞರ ಸಮಿತಿ ಜುಲೈನಲ್ಲಿ ಹೇಳಿತು. ಕ್ಯೂ ಕರಗಿತು. ಭಯ ಮಾತ್ರ ಲ್ಯಾಬುಗಳ ಗಲ್ಲಾಪೆಟ್ಟಿಗೆ ಸೇರಿತು.

ಈಗ ಪ್ಯಾಕೇಜಿನ ಕಾಲ. ಕೊಲೆಸ್ಟ್ರಾಲ್ ಜತೆಗೆ ಅಪೋ-ಬಿ, ಲೈಪೋಪ್ರೋಟೀನ್-ಎ ಅಂತ ಪಟ್ಟಿ ಬೆಳೆದಿದೆ. ಎಲ್ಲಾ ಬರೀ ವ್ಯಾಪಾರವೇ? ಹಾಗೇನಿಲ್ಲ. ಲೈಪೋಪ್ರೋಟೀನ್-ಎ ಹೆತ್ತವರಿಂದ ಬಂದ ಆಸ್ತಿ. ಪಥ್ಯ, ವಾಕಿಂಗಿಗೆ ಜಗ್ಗೋದಿಲ್ಲ. ಆಯುಸ್ಸಿನಲ್ಲಿ ಒಂದು ಸಲ ನೋಡಿಸಿ, ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಎಚ್ಚರ ಅನ್ನುತ್ತದೆ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ 2024ರ ಸಲಹೆ. ಅಪ್ಪನೋ ಅಣ್ಣನೋ ಐವತ್ತರೊಳಗೇ ಎದೆನೋವಿಗೆ ಹೋಗಿದ್ದರಂತೂ ಕಾಸಿಗೆ ತಕ್ಕ ಪರೀಕ್ಷೆ. ಆದರೆ ವರ್ಷವರ್ಷವೂ ಮಾಡಿಸಿದರೆ? ಹೆಚ್ಚುಕಮ್ಮಿ ಅದೇ ಅಂಕಿ, ಮತ್ತೆ ದುಡ್ಡು!

ಅಪೋ-ಬಿ ಕೆಟ್ಟ ಕೊಬ್ಬಿನ ತೂಕ ನೋಡೋದಿಲ್ಲ, ಕಣಗಳ ಲೆಕ್ಕ ಕೊಡುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಲ್ಲಿ ಮಾಮೂಲಿ ರಿಪೋರ್ಟು ಬಚ್ಚಿಟ್ಟದ್ದನ್ನು ತೋರಿಸೀತು. ಅಷ್ಟು ಕಾಸಿಲ್ಲದವರಿಗೆ ಬೀರುವಿನ ಹಳೇ ರಿಪೋರ್ಟೇ ಇದೆ. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆದರಾಯ್ತು. 210ರಲ್ಲಿ 40 ಹೋದರೆ 170. ಬೇರೆ ಕಾಯಿಲೆ ಇಲ್ಲದವರಿಗೂ ಇದು 130ರೊಳಗಿರಬೇಕು ಅನ್ನೋದು ಅದೇ ಸೊಸೈಟಿಯ ಮಾತು. ಅಂಗಡಿ ಲೆಕ್ಕ ಬರೆಯುವವರಿಗೆ ಇದೇನು ಕಷ್ಟವಲ್ಲ.

ಬಸ್ಸಿನಲ್ಲೇ ಎದೆ ಹಿಡಿದುಕೊಂಡರೆ ಮಾತ್ರ ಈ ಪಟ್ಟಿ ಯಾವುದೂ ಕೆಲಸಕ್ಕೆ ಬಾರದು. ಆಗ ಬೇಕಾದದ್ದು ತಕ್ಷಣ ಇಸಿಜಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅದು ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲೇ ಬಿಟ್ಟಿ.