ಮೇಣದಲ್ಲಿ ಉಳಿದ ಚೂರು

ತಾತನ ರಕ್ತದಲ್ಲಿ ಪಿಎಸ್‌ಎ ಹೆಚ್ಚಿದೆ ಎಂದೊಡನೆ ಮನೆಮಂದಿ ಕಂಗಾಲಾಗುತ್ತಾರೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡರೂ, ಸೋಂಕು ತಗುಲಿದರೂ ಅದು ಏರುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳಬೇಕಾದ್ದು ಬಯಾಪ್ಸಿ.

ಸೂಜಿಯಿಂದ ತೆಗೆದ ಹತ್ತು-ಹನ್ನೆರಡು ಎಳೆಗಳನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕೆಲವೇ ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ ಬಣ್ಣ ಹಾಕುತ್ತಾರೆ. ಪ್ರಾಸ್ಟೇಟಿನೊಳಗಿನ ಪುಟ್ಟ ಕೊಳವೆಗಳ ಸುತ್ತ ತಳಕೋಶಗಳ ಸಾಲೊಂದು ಬೇಲಿಯಂತಿರುತ್ತದೆ. ಕ್ಯಾನ್ಸರಿನಲ್ಲಿ ಆ ಬೇಲಿ ಇರುವುದಿಲ್ಲ. ಮಾಮೂಲಿ ಬಣ್ಣದಲ್ಲಿ ಅನುಮಾನ ಉಳಿದರೆ ಪಿ63 ಎಂಬ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಹಾಕುತ್ತಾರೆ. ತಳಕೋಶಗಳಿದ್ದರೆ ಕಂದು ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಅವು ಕಾಣದಿದ್ದರೆ ಅನುಮಾನ ಬಲವಾಗುತ್ತದೆ. ಪಿಯುಸಿ ಮಕ್ಕಳು ಬಾಯಿಪಾಠ ಮಾಡುವ ಪ್ರತಿಕಾಯವೇ ಇದು!

ಪರೀಕ್ಷೆ ಹೆಬ್ಬಾಳದಲ್ಲಾಗಲಿ ಯಲಹಂಕದಲ್ಲಾಗಲಿ, ಮೇಣದ ಬ್ಲಾಕ್ ಲ್ಯಾಬಿನಲ್ಲಿ ಉಳಿದಿರುತ್ತದೆ. ವರದಿ ಅಸ್ಪಷ್ಟವಾಗಿದ್ದರೆ ಅದನ್ನೂ ಸ್ಲೈಡುಗಳನ್ನೂ ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸಿ, ಸಂಕೋಚ ಬೇಡ.

ಕಾಯಿಲೆ ಹರಡಿದ್ದರೆ ಅದೇ ಬ್ಲಾಕಿನಿಂದ ಬಿಆರ್‌ಸಿಎ ವಂಶವಾಹಿ ಪರೀಕ್ಷೆಯೂ ಸಾಧ್ಯ. ವಂಶವಾಹಿ ಪರೀಕ್ಷೆಗಳಿಗೆ ಹೆಸರಾದ ಸ್ಟ್ರ್ಯಾಂಡ್ ಸಂಸ್ಥೆಯನ್ನು 2000ದಲ್ಲಿ ಕಟ್ಟಿದವರು ಯಶವಂತಪುರದ ಬಳಿಯ ಟಾಟಾ ಇನ್‌ಸ್ಟಿಟ್ಯೂಟಿನ ನಾಲ್ವರು ಕಂಪ್ಯೂಟರ್ ಮೇಷ್ಟರು. ದೋಷ ಕಂಡರೆ ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಅದು ವಂಶದಿಂದ ಬಂದದ್ದಾದರೆ ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕಾಗುತ್ತದೆ.