ಮನೆ ಬಿಟ್ಟವರ ಜಾತಿ ಪ್ರಮಾಣಪತ್ರ

ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ ಅನ್ನುವುದು ಊರಿಗೆಲ್ಲ ಗೊತ್ತು. ಅದೇ ಶಕ್ತಿ ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೂ ಪ್ರಯಾಣ ಉಚಿತ ಅನ್ನುವುದು ಎಷ್ಟು ಜನಕ್ಕೆ ಗೊತ್ತು? 2023ರ ಜೂನ್ 11ರಂದು ಯೋಜನೆ ಶುರುವಾದಾಗಿನಿಂದಲೂ ಈ ಹಕ್ಕು ಅವರಿಗಿದೆ. ಆದರೆ ಅರಕಲಗೂಡಿನಿಂದ ಹಾಸನಕ್ಕೆ ಹೊರಟ ಬಸ್ಸಿನಲ್ಲಿ ಸೀರೆ ಉಟ್ಟು ಕೂತ ಅಂಥವಳೊಬ್ಬಳ ಮುಂದೆ ಕಂಡಕ್ಟರ್ ಬಂದು ನಿಂತಾಗ ಏನಾಗುತ್ತದೆ ನೋಡಿ. ಅವರು ಆಧಾರ್ ಕೇಳುತ್ತಾರೆ. ಕಾರ್ಡಿನಲ್ಲಿರುವುದು ಹೈಸ್ಕೂಲು ಹುಡುಗನ ಫೋಟೊ, ಪಕ್ಕದಲ್ಲಿ ‘ಪುರುಷ’ ಅಂತ. ಕಂಡಕ್ಟರ್ ಕಾರ್ಡ್ ನೋಡುತ್ತಾರೆ, ಮುಖ ನೋಡುತ್ತಾರೆ, ಮತ್ತೆ ಕಾರ್ಡ್ ನೋಡುತ್ತಾರೆ. ಹಿಂದಿನ ಸೀಟಿನವರು ಕತ್ತು ಚಾಚುತ್ತಾರೆ. ಆಕೆ ಪರ್ಸಿನಿಂದ ದುಡ್ಡು ತೆಗೆದು ಟಿಕೆಟ್ ತಗೊಂಡು ಕಿಟಕಿ ಕಡೆ ತಿರುಗಿಬಿಡುತ್ತಾಳೆ. ಬಸ್ಸಿನಲ್ಲಿ ಅಷ್ಟೂ ಜನರ ಎದುರು ತಾನು ಯಾರೆಂದು ವಾದ ಮಾಡುವುದಕ್ಕಿಂತ ದುಡ್ಡು ಕೊಡುವುದೇ ಮೇಲು ಅನಿಸಿರುತ್ತದೆ.

ಬುಡಕಟ್ಟು ಅಥವಾ ಅಲೆಮಾರಿ ಕುಟುಂಬದಲ್ಲಿ ಹುಟ್ಟಿದವಳಾದರೆ ಆಕೆಯ ಮೇಲೆ ಇನ್ನೂ ಒಂದು ಭಾರ. ಈ ಎರಡೂ ಭಾರ ಒಂದೇ ಮೈಮೇಲೆ ಬಿದ್ದಿರುವುದು ಆಕಸ್ಮಿಕವಲ್ಲ. ಎರಡನ್ನೂ ಹೊರಿಸಿದ್ದು ಒಂದೇ ಕಾಯ್ದೆ.

ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಹೆಸರನ್ನು ಅಲೆಮಾರಿಗಳ ಬಗ್ಗೆ ಓದಿದವರೆಲ್ಲ ಕೇಳಿರುತ್ತಾರೆ. ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿ, ಹಾಜರಿ ಹಾಕಿಸಿ, ಪಾಸ್ ಇಲ್ಲದೆ ಊರು ಬಿಟ್ಟು ಹೋಗದಂತೆ ಕಟ್ಟಿಹಾಕಿದ ಕಾಯ್ದೆ ಅದು. ಹುಬ್ಬಳ್ಳಿ, ಗದಗ ಕಡೆ ಇವತ್ತಿಗೂ ಸೆಟ್ಲಮೆಂಟ್ ಎಂದೇ ಕರೆಸಿಕೊಳ್ಳುವ ಬಡಾವಣೆಗಳಿವೆ. ಆದರೆ ಆ ಕಾಯ್ದೆಗೆ ಎರಡನೇ ಭಾಗವೊಂದಿತ್ತು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಆ ಭಾಗ ಹಿಜಡಾಗಳಿಗಾಗಿಯೇ ಬರೆದದ್ದು. ಪೊಲೀಸರು ಅವರ ಹೆಸರು, ವಾಸದ ಜಾಗ ಬರೆದಿಡಬೇಕು. ರಿಜಿಸ್ಟರಿನಲ್ಲಿ ಹೆಸರಿದ್ದವರು ಹೆಂಗಸಿನ ಉಡುಗೆ ತೊಟ್ಟು ಬೀದಿಗೆ ಬಂದರೆ, ಸಾರ್ವಜನಿಕವಾಗಿ ಕುಣಿದರೆ, ವಾದ್ಯ ನುಡಿಸಿದರೆ ಎರಡು ವರ್ಷದವರೆಗೆ ಜೈಲು. 16 ವರ್ಷದೊಳಗಿನ ಹುಡುಗನನ್ನು ಮನೆಯಲ್ಲಿ ಇಟ್ಟುಕೊಂಡರೂ ಜೈಲು. ಅವರು ದತ್ತು ತೆಗೆದುಕೊಳ್ಳುವಂತಿಲ್ಲ, ಉಯಿಲು ಬರೆಯುವಂತಿಲ್ಲ, ದಾನ ಕೊಡುವಂತಿಲ್ಲ, ಯಾರಿಗೂ ಪೋಷಕರಾಗುವಂತಿಲ್ಲ. ಹಾಡು, ಕುಣಿತ ನಿಂತರೆ ಹೊಟ್ಟೆಪಾಡು ನಿಂತಿತು. ಚೇಲಾಗಳನ್ನು ಸಾಕುವುದು ನಿಂತರೆ ಗುರುವಿನ ಮನೆಯೇ ಮುಚ್ಚಿತು. ಒಂದು ಪೀಳಿಗೆಯೊಳಗೆ ಇವರು ಇಲ್ಲವಾಗಲಿ ಎಂದೇ ಮಾಡಿದ ಏರ್ಪಾಡು ಅದು. ಮೊದಲು ಉತ್ತರ ಭಾರತದಲ್ಲಿ ಜಾರಿಯಾಗಿ, 1911ರ ಹೊಸ ಕಾಯ್ದೆಯ ಹೊತ್ತಿಗೆ ಬುಡಕಟ್ಟುಗಳ ಭಾಗ ಮದ್ರಾಸ್ ಪ್ರಾಂತ್ಯದವರೆಗೂ ಬಂತು. ಇನ್ನು ಸಲಿಂಗ ಸಂಬಂಧವನ್ನೂ ಅಪರಾಧವಾಗಿಸಿದ್ದ ದಂಡ ಸಂಹಿತೆಯ 377ನೇ ಕಲಂ 1862ರ ಜನವರಿ 1ರಂದು ಜಾರಿಗೆ ಬಂದದ್ದು, ವಯಸ್ಕರ ಒಪ್ಪಿತ ಸಂಬಂಧವನ್ನು ಅದರಿಂದ ಹೊರಗಿಡಲು 2018ರ ಸೆಪ್ಟೆಂಬರ್ 6ರವರೆಗೆ, ಅಂದರೆ 156 ವರ್ಷ ಕಾಯಬೇಕಾಯಿತು.

ಎಲ್ಲವನ್ನೂ ಬಿಳಿಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಮಾತ್ರ ನನಗೆ ಮನಸ್ಸಿಲ್ಲ. ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಅದಾಗಿ ಸುಮಾರು ಅರವತ್ತು ವರ್ಷಕ್ಕೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಂ ಸೇರಿತು. ಅದರಲ್ಲಿ ಏನಿತ್ತು ಗೊತ್ತೆ? ಹಿಜಡಾಗಳ ಹೆಸರು, ವಿಳಾಸದ ರಿಜಿಸ್ಟರನ್ನು ಪೊಲೀಸರು ಇಡಬಹುದು ಎಂದಿತ್ತು. 1871ರ ಕಾಯ್ದೆಯನ್ನು ಎದುರಿಗಿಟ್ಟುಕೊಂಡು ಬರೆದ ಹಾಗಿತ್ತು ಅದರ ಭಾಷೆ. ಸಮುದಾಯದವರು ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಆ ಕಲಮಿನಿಂದ ಅವರ ಹೆಸರನ್ನು ಕೈಬಿಡಲಾಯಿತು. ಅದನ್ನು ಅಲ್ಲಿ ಸೇರಿಸಿದ್ದು ವೈಸರಾಯ್ ಅಲ್ಲ, ನಮ್ಮದೇ ಶಾಸನಸಭೆ.

ನಮ್ಮ ಪರಂಪರೆಯಲ್ಲಿ ಇವರಿಗೆ ಜಾಗವಿತ್ತು ಎನ್ನುವವರು ಎಲ್ಲಮ್ಮನಿಗೆ ಮುಡಿಪಾದ ಜೋಗಪ್ಪಂದಿರನ್ನು ತೋರಿಸುತ್ತಾರೆ. ನಿಜ, ಸವದತ್ತಿಯ ಗುಡ್ಡದಲ್ಲಿ, ಹುಲಿಗಿಯಲ್ಲಿ ಜಾಗವಿತ್ತು. ಅಲ್ಲಿಂದ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಆ ಜಾಗಕ್ಕೆ ತೆರಬೇಕಿದ್ದ ಬೆಲೆ ಮನೆ, ಆಸ್ತಿ, ಓದು ಎಲ್ಲವೂ. ಕೈಗೆ ಸಿಗುತ್ತಿದ್ದುದು ಚೌಡಕಿ ವಾದ್ಯ ಮತ್ತು ಪಡ್ಡಲಗಿ ಎಂಬ ಬುಟ್ಟಿ. ನಮ್ಮ ಹಾಸನ ಸೀಮೆಯಲ್ಲಂತೂ ಜೋಗತಿಯರ ಅಷ್ಟು ದೊಡ್ಡ ಆಸರೆಯೂ ಇಲ್ಲ. ಇಲ್ಲಿ ಹುಡುಗನೊಬ್ಬನ ನಡಿಗೆ ಬೇರೆಯಾಗಿದ್ದರೆ ‘ಹೆಣ್ಣಿಗ’ ಎಂಬ ಒಂದು ಮಾತು ಸಾಕು, ಅವನ ಶಾಲೆ ಬಿಡಿಸಲು.

ಜಗಲಿ, ಕೆರೆ ಏರಿ, ಟೆಂಟುಗಳಲ್ಲಿ ಬೆಳೆದ ಅಲೆಮಾರಿ ಮಕ್ಕಳಿಗೆ ಓದುವ ದಾರಿ ಎಂದರೆ ಹಾಸ್ಟೆಲ್. ಹಾಸನದಲ್ಲಿರಲಿ, ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿರಲಿ, ಅಲ್ಲಿರುವುದು ಎರಡೇ ಬೋರ್ಡು: ಬಾಲಕರದ್ದು, ಬಾಲಕಿಯರದ್ದು. ಸಾಲಾಗಿ ಹಾಸಿದ ಚಾಪೆಗಳ ನಡುವೆ ತನ್ನ ಚಾಪೆಯನ್ನು ಗೋಡೆಗೆ ಒತ್ತಿ ಹಾಸಿಕೊಳ್ಳುವ, ಎಲ್ಲರೂ ಮಲಗಿದ ಮೇಲೆ ಮಾತ್ರ ಬಚ್ಚಲಿಗೆ ಹೋಗುವ ಮಗುವಿನ ಪಾಡು ವಾರ್ಡನ್ನರ ಯಾವ ವರದಿಯಲ್ಲೂ ಬರುವುದಿಲ್ಲ. ಇಂಥ ಎರಡೇ ಸಾಲು ಬೇರೆ ಕಡೆಯೂ ಇತ್ತು. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ಮಿಷನ್ ವಸತಿ ಶಾಲೆಗಳಿಗೆ ಸೇರಿಸಿ, ಜಡೆ ಕತ್ತರಿಸಿ, ಗಂಡು ಹೆಣ್ಣು ಎಂದು ಎರಡೇ ಸಾಲಿನಲ್ಲಿ ನಿಲ್ಲಿಸಿದರು. ಎರಡೂ ಅಲ್ಲದವರಿಗೂ ತಮ್ಮ ಹಿರಿಯರ ಕಾಲದಲ್ಲಿ ಜಾಗವಿತ್ತು ಎಂದು 1990ರಲ್ಲಿ ವಿನ್ನಿಪೆಗ್‌ನಲ್ಲಿ ಸೇರಿದ ಅಲ್ಲಿನ ಮೂಲನಿವಾಸಿಗಳು ಗಟ್ಟಿಯಾಗಿ ಹೇಳಿಕೊಂಡರು. ನಮ್ಮ ಜಿಲ್ಲೆಯ ಬುಡಕಟ್ಟುಗಳ ನಡುವಿನಿಂದ ಅಂಥ ದನಿ ಇನ್ನೂ ನಮ್ಮ ಕಿವಿಗೆ ಬಿದ್ದಿಲ್ಲ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳ ವಿಷಯವನ್ನೇ ತಗೊಳ್ಳಿ. ಗುಜರಾತಿಗೆ ಹತ್ತಿರದ ವಾಗ್ರಿ ಅವರ ಮನೆಮಾತು. ಬೇಟೆ ಕಸುಬಾಗಿತ್ತು, 1972ರ ವನ್ಯಜೀವಿ ಕಾಯ್ದೆ ಆ ಕಸುಬನ್ನು ಅಪರಾಧ ಮಾಡಿತು. ಈಗ ಕೂದಲೆಣ್ಣೆ ಮಾರಲು ದೇಶ ವಿದೇಶ ಸುತ್ತುತ್ತಾರೆ. ಪೊಲೀಸ್ ಜೀಪಿನ ಸದ್ದಿಗೆ ಬೆಚ್ಚುವುದನ್ನು ತಲೆಮಾರುಗಳಿಂದ ಕಲಿತ ಅಲೆಮಾರಿ ಸಮುದಾಯಗಳಲ್ಲಿ ಮಗುವೊಂದು ತಾನು ಬೇರೆ ಎಂದು ಬಾಯಿ ಬಿಡುವುದು ಎಷ್ಟು ಕಷ್ಟ ಎಂದು ಊಹಿಸಿ. ಇರುವ ಸಂಶಯ ಸಾಲದೆಂದು ಇನ್ನೊಂದನ್ನು ಮನೆಗೆ ತರುತ್ತೀಯಾ ಎಂದೇ ಮನೆಯವರು ಕೇಳುತ್ತಾರೆ.

ಇಷ್ಟೆಲ್ಲದರ ನಡುವೆ ಒಂದು ಒಳ್ಳೆಯ ಕೆಲಸ ಆಗಿದೆ. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಲ ಮೀಸಲಾತಿ ತಂದ ಮೊದಲ ರಾಜ್ಯ ನಮ್ಮದು. ಸಾಮಾನ್ಯ, ಹಿಂದುಳಿದ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹೀಗೆ ಪ್ರತಿ ವರ್ಗದೊಳಗೂ ಶೇ 1. ಅಂದರೆ ಬುಡಕಟ್ಟಿನಲ್ಲಿ ಹುಟ್ಟಿದ ಮಂಗಳಮುಖಿಯೊಬ್ಬಳನ್ನು ಒಂದೇ ಅರ್ಜಿಯಲ್ಲಿ, ಎರಡೂ ಗುರುತಿನ ಸಮೇತ, ಸರ್ಕಾರ ಬಾ ಎಂದು ಕರೆದಿದೆ. 2022ರ ಶಿಕ್ಷಕರ ನೇಮಕಾತಿಯಲ್ಲಿ ಮೂವರು ಲಿಂಗತ್ವ ಅಲ್ಪಸಂಖ್ಯಾತರು ಆಯ್ಕೆ ಪಟ್ಟಿಗೆ ಬಂದದ್ದೂ ಈ ನಿಯಮದಿಂದಲೇ. ಆದರೆ ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆ ಅದೇ ವರ್ಗದ ಬೇರೆಯವರಿಗೆ ಹೋಗುತ್ತದೆ. ಅರ್ಜಿಯೇ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರಿಲ್ಲ.

ಯಾಕೆ ಬರುವುದಿಲ್ಲ ಎಂಬುದಕ್ಕೆ ನಾಡಕಚೇರಿಯ ಕೌಂಟರಿನಲ್ಲಿ ಉತ್ತರವಿದೆ. ಪರಿಶಿಷ್ಟ ಪಂಗಡದ ಪ್ರಮಾಣಪತ್ರಕ್ಕೆ ಅಪ್ಪನ ದಾಖಲೆ ಬೇಕು, ರೇಷನ್ ಕಾರ್ಡ್ ಬೇಕು, ಗ್ರಾಮ ಆಡಳಿತ ಅಧಿಕಾರಿ ಊರಿಗೆ ಹೋಗಿ ವಿಚಾರಿಸಬೇಕು. ಹದಿನಾರಕ್ಕೋ ಹದಿನೇಳಕ್ಕೋ ಉಟ್ಟ ಬಟ್ಟೆಯಲ್ಲಿ ಬೆಂಗಳೂರಿನ ಬಸ್ಸು ಹತ್ತಿದವಳಿಗೆ ಅಪ್ಪನ ದಾಖಲೆ ಯಾರು ಕೊಡುತ್ತಾರೆ? ವಿಚಾರಿಸಲು ಹೋದವರಿಗೆ ‘ನಮಗೆ ಅಂಥ ಮಗ ಇಲ್ಲ’ ಎಂಬ ಉತ್ತರ ಸಿಕ್ಕರೆ ಕಡತ ಅಲ್ಲಿಗೆ ಮುಗಿಯಿತು. ಮನೆಯಿಂದ ಹೊರಬಿದ್ದ ದಿನವೇ ಆಕೆ ತನ್ನ ಬುಡಕಟ್ಟಿನಿಂದಲೂ ಹೊರಬಿದ್ದಂತೆ, ಕಾಗದದ ಮೇಲೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ರಕ್ಷಣೆಯ 2019ರ ಕಾಯ್ದೆಯ ಪ್ರಕಾರ ಗುರುತಿನ ಚೀಟಿ ಕೊಡುವವರು ಜಿಲ್ಲಾಧಿಕಾರಿ. ಆ ಚೀಟಿ ತೋರಿಸಿ ಯಾವ ಯಾವ ದಾಖಲೆಯಲ್ಲಿ ಹೆಸರು, ಲಿಂಗ ಬದಲಿಸಿಕೊಳ್ಳಬಹುದು ಎಂದು 2020ರ ನಿಯಮಗಳಲ್ಲಿ ಪಟ್ಟಿ ಇದೆ. ಆಧಾರ್ ಜೊತೆಗೆ ಜಾತಿ, ಬುಡಕಟ್ಟು ಪ್ರಮಾಣಪತ್ರವೂ ಆ ಪಟ್ಟಿಯಲ್ಲಿದೆ. ಶಾಲೆಯಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆಂದು ಮಾಡಿಸಿದ ಪ್ರಮಾಣಪತ್ರದ ಆರ್‌ಡಿ ನಂಬರ್ ಸರ್ಕಾರದ ಕಂಪ್ಯೂಟರಿನಲ್ಲೇ ಇರುತ್ತದೆ. ಅದನ್ನು ಹುಡುಕಿ, ಅಪ್ಪನ ಸಹಿ ಕೇಳದೆ, ಹೊಸ ಹೆಸರಿನಲ್ಲಿ ಕೊಟ್ಟರಾಯಿತು. ಹಾಸನದ ಜಿಲ್ಲಾಧಿಕಾರಿಗಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಗಳಲ್ಲಿ ಒಂದೊಂದು ದಿನ ಶಿಬಿರ ನಡೆಸಲಿ, ತಹಶೀಲ್ದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಅರ್ಜಿಗಳನ್ನು ಒಂದೇ ಮೇಜಿನ ಮೇಲೆ ತೆಗೆದುಕೊಳ್ಳಲಿ.

ಇನ್ನು ಮನೆಯವರಲ್ಲಿ ಒಂದು ಮಾತು. ಮಗುವನ್ನು ಆಚೆ ಹಾಕಬೇಡಿ. ಅದು ತಾನೇ ಹೊರಟು ನಿಂತರೂ ಅದರ ಟಿಸಿ, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರವನ್ನು ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟುಕೊಳ್ಳಬೇಡಿ, ಕೈಗೆ ಕೊಟ್ಟು ಕಳಿಸಿ.